ಸಾವಿರ ಪುಟದ ನಿರೀಕ್ಷೆ

ಎರಡು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಲಯದ ಕೊಠಡಿಗೆ ಒಂದು ದಪ್ಪ ಪುಸ್ತಕ ಬಂದು ಸೇರಿತು. ಬೆಂಗಳೂರಿಗೆ ಹೋಗಿದ್ದ ಮಿತ್ರನೊಬ್ಬ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ ಅದನ್ನು ಚೌಕಾಸಿ ಮಾಡಿ ತಂದಿದ್ದ. ಸ್ಟೀಫನ್ ಕಿಂಗ್ ಎಂಬ ಅಮೆರಿಕದ ಕಾದಂಬರಿಕಾರರು ಬರೆದ 'ಇಟ್' ಎಂಬ ಭಯಾನಕ ಕಾದಂಬರಿ ಅದು. ಅದರ ಬೆನ್ನು ಆಗಲೇ ಬಿರಿದಿತ್ತು; ನಮ್ಮ ಕೈಗೆ ಬಂದ ವಾರದೊಳಗೆ ಮೂರು ತುಂಡಾಯಿತು. ಒಂದು ವಿಧದಲ್ಲಿ ಇದು ಅನುಕೂಲವೇ ಆಯಿತೆನ್ನಬೇಕು. ಓದುವವರು ನಾಲ್ವರು, ಪುಸ್ತಕ ಒಂದು. ಮೊದಲನೆಯ ತುಂಡನ್ನು ಮುಗಿಸಿದವನು ಎರಡನೆಯದನ್ನು ಹಿಡಿದವನ ಮಂಚದ ಬಳಿ ನಿಂತು, "ಇನ್ನೆಷ್ಟು ಪುಟ ಉಳಿದಿದೆಯೋ ಮಾರಾಯ?" ಎಂದು ದಿನಕ್ಕೆ ಮೂರು ಬಾರಿ ವಿಚಾರಿಸುತ್ತಿದ್ದ.

ಮೂರನೆಯ ತುಂಡನ್ನು ಮೊದಲು ಮುಗಿಸಿದವನು ನಾನು. ಮುಗಿಸಿದೆ ಎನ್ನುವುದು ತಪ್ಪು. ಕಡೆಯ ಮೂವತ್ತು ನಲವತ್ತು ಪುಟಗಳೇ ಅದರಲ್ಲಿರಲಿಲ್ಲ! ನಮ್ಮ ಕೈಗೆ ಬರುವ ಮೊದಲೇ ಅವು ಎಲ್ಲಿಯೋ ಉದುರಿಹೋಗಿದ್ದವು. ಸಾವಿರ ಪುಟಗಳ ದಾರಿಯನ್ನು ನಡೆದು ಊರಿನ ಹೆಬ್ಬಾಗಿಲಿನಲ್ಲಿ ನಿಂತಂತಾಯಿತು ನಮ್ಮ ಸ್ಥಿತಿ. ಕೈಯಲ್ಲಿರುವ ಮೊಬೈಲಿನಲ್ಲಿ ನಾಲ್ಕು ಅಕ್ಷರ ಒತ್ತಿದ್ದರೆ ಕಥೆಯ ಕೊನೆ ಕ್ಷಣಮಾತ್ರದಲ್ಲಿ ತಿಳಿಯುತ್ತಿತ್ತು. ಆದರೆ ಯಾರೂ ಹಾಗೆ ನೋಡಕೂಡದೆಂದೂ, ಇನ್ನೊಂದು ಪ್ರತಿ ದೊರೆಯುವವರೆಗೆ ಕಾಯಬೇಕೆಂದೂ ನಾಲ್ವರೂ ಗೊತ್ತುಮಾಡಿಕೊಂಡೆವು. ಹೀಗೇಕೆ ಮಾಡಿದೆವು? ಒಂದು ಕಥೆಗಾಗಿ ಕಾಯುವುದರಲ್ಲಿ ಏನಿದೆ? ಅದರಲ್ಲಿಯೂ ಹೆದರಿಸುವ ಕಥೆಗಾಗಿ, ಅಷ್ಟು ಉದ್ದದ ಕಥೆಗಾಗಿ, ಜನ ವರ್ಷಗಟ್ಟಲೆ ಕಾಯುವುದೇಕೆ? ಈ ಪ್ರಶ್ನೆಗಳನ್ನು ನನ್ನ ಬುದ್ಧಿಗೆ ಎಟುಕಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು ಲೇಖಕರ ವಿಚಾರವಾಗಿ ನಾಲ್ಕು ಮಾತು. ಸ್ಟೀಫನ್ ಕಿಂಗ್ ಹುಟ್ಟಿದ್ದು 1947ರ ಸೆಪ್ಟೆಂಬರ್ 21ರಂದು, ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ. ಮೊದಲು ಅವರು ಪ್ರೌಢಶಾಲೆಯ ಇಂಗ್ಲಿಷ್ ಉಪಾಧ್ಯಾಯರಾಗಿದ್ದರು. ಮೊದಲ ಕಾದಂಬರಿ 'ಕ್ಯಾರಿ'ಯ ಆರಂಭದ ಪುಟಗಳನ್ನು ಬೇಸರದಿಂದ ಕಸದ ಬುಟ್ಟಿಗೆ ಹಾಕಿದ್ದಾಗ, ಅವರ ಪತ್ನಿ ಟಬಿತಾ ಅವನ್ನು ಎತ್ತಿ ಓದಿ, ಮುಂದುವರಿಸುವಂತೆ ಹೇಳಿದರಂತೆ. 1974ರಲ್ಲಿ ಅದು ಪ್ರಕಟವಾದಾಗ ಇನ್ನೂರು ಪುಟಗಳಷ್ಟಿತ್ತು. ಅನಂತರ ಅವರ ಪುಸ್ತಕಗಳು ಬೆಳೆಯತೊಡಗಿದವು. 1978ರ 'ದಿ ಸ್ಟ್ಯಾಂಡ್' 823 ಪುಟ. 1986ರ 'ಇಟ್' 1138 ಪುಟ. 2009ರ 'ಅಂಡರ್ ದಿ ಡೋಮ್' 1074 ಪುಟ. ಗಾತ್ರ ಹೆಚ್ಚಿದಂತೆ ಓದುಗರು ಕಡಿಮೆಯಾಗಬೇಕಾಗಿದ್ದಿತು. ಆದದ್ದು ಅದಕ್ಕೆ ವಿರುದ್ಧ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ನಮ್ಮ ತರಗತಿಯಲ್ಲಿಯೇ ಗುರುಗಳೊಬ್ಬರು ಅದನ್ನು ಎತ್ತಿದರು: "ಭಯವೆಂಬುದು ಮಿಂಚಿನಂಥದು. ಸಾವಿರ ಪುಟ ಮಿಂಚುವ ಮಿಂಚು ಉಂಟೇನಯ್ಯಾ?" ಇದು ಹಳೆಯ ವಾದವೇ. ಭಯಾನಕ ಕಥೆಗಳ ಆಚಾರ್ಯನೆನಿಸಿದ ಎಡ್ಗರ್ ಆಲನ್ ಪೋ, 1842ರಲ್ಲಿ ಹಾಥಾರ್ನನ ಕಥೆಗಳನ್ನು ವಿಮರ್ಶಿಸುತ್ತ, ಕಥೆಯೆಂಬುದು ಅರ್ಧ ಗಂಟೆಯಿಂದ ಒಂದೆರಡು ಗಂಟೆಗಳೊಳಗೆ ಒಂದೇ ಸಲ ಕುಳಿತು ಓದಿ ಮುಗಿಸುವಂತಿರಬೇಕೆಂದು ಹೇಳಿದ. ನಡುವೆ ಎದ್ದುಹೋದರೆ ಲೋಕವ್ಯಾಪಾರ ಅಡ್ಡಬಂದು ಕಥೆಯ ಪರಿಣಾಮ ಕೆಡುತ್ತದೆಂಬುದು ಅವನ ಅಭಿಪ್ರಾಯ. ಅವನ ಕಥೆಗಳ ಮಟ್ಟಿಗೆ ಈ ಮಾತು ನಿಜ. ಹಾಗಾದರೆ ಕಿಂಗ್ ಅವರು ಮಾಡಿದ್ದೇನು?

ಇದನ್ನು ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದು ಸುಲಭವೆಂದು ನನಗೆ ತೋರುತ್ತದೆ. ಭಯಾನಕ ರಸಕ್ಕೆ ಭಯವು ಸ್ಥಾಯಿಭಾವ. ಆದರೆ ಸ್ಥಾಯಿಯೊಂದರಿಂದಲೇ ರಸವು ಸಿದ್ಧಿಸುವುದಿಲ್ಲ. ವಿಭಾವಗಳೂ ಅನುಭಾವಗಳೂ ಬೇಕು, ಜೊತೆಗೆ ಬಂದುಹೋಗುವ ಸಂಚಾರಿಭಾವಗಳೂ ಬೇಕು. ಭರತನು ಎಣಿಸಿದ ಮೂವತ್ತಮೂರು ಸಂಚಾರಿಗಳಲ್ಲಿ ಶಂಕೆ, ತ್ರಾಸಗಳಿವೆ, ಔತ್ಸುಕ್ಯವೂ ಇದೆ. ಸಣ್ಣ ಕಥೆಯಲ್ಲಿ ತ್ರಾಸಕ್ಕೆ ಪ್ರಾಧಾನ್ಯ: ಬಾಗಿಲು ತೆರೆಯಿತು, ಕಂಡಿತು, ಕೂಗಿದ, ಮುಗಿಯಿತು. ದೀರ್ಘ ಕಾದಂಬರಿಯಲ್ಲಿ ಶಂಕೆಯೂ ಔತ್ಸುಕ್ಯವೂ ನೂರಾರು ಪುಟಗಳ ಕಾಲ ಒಳಗೇ ಹರಿಯುತ್ತಿರುತ್ತವೆ. ತ್ರಾಸವು ಅಲ್ಲೊಮ್ಮೆ ಇಲ್ಲೊಮ್ಮೆ ತಲೆಯೆತ್ತುತ್ತದೆ.

'ಇಟ್' ಕಾದಂಬರಿಯನ್ನೇ ನೋಡೋಣ. ಡೆರಿ ಎಂಬ ಕಲ್ಪಿತ ಊರು. 1957ರ ಒಂದು ಮಳೆಗಾಲದ ದಿನ ಆರು ವರ್ಷದ ಹುಡುಗನೊಬ್ಬ ಕಾಗದದ ದೋಣಿಯನ್ನು ಬೀದಿಯ ನೀರಿನಲ್ಲಿ ಬಿಟ್ಟು ಅದರ ಹಿಂದೆ ಓಡುತ್ತಾನೆ. ಚರಂಡಿಯ ಬಾಯಲ್ಲಿ ಅವನಿಗೆ ಮೃತ್ಯು ಕಾದಿರುತ್ತದೆ. ಇದು ಮೊದಲ ಅಧ್ಯಾಯ. ಪೋ ಬರೆದಿದ್ದರೆ ಕಥೆ ಪ್ರಾಯಶಃ ಇಲ್ಲಿಗೇ ನಿಲ್ಲುತ್ತಿತ್ತು. ಕಿಂಗ್ ಇಲ್ಲಿಂದ ಆರಂಭಿಸುತ್ತಾರೆ. ಏಳು ಮಂದಿ ಮಕ್ಕಳು. ಒಬ್ಬನಿಗೆ ಉಗ್ಗು, ಇನ್ನೊಬ್ಬನಿಗೆ ದಪ್ಪ ಮೈಯ ನಾಚಿಕೆ, ಮತ್ತೊಬ್ಬನಿಗೆ ಆಸ್ತಮಾ, ಒಬ್ಬಳಿಗೆ ತಂದೆಯ ಭಯ. ಅವರ ಶಾಲೆ, ಗ್ರಂಥಾಲಯ, ಅವರು ಹಳ್ಳಕ್ಕೆ ಕಟ್ಟುವ ಅಣೆಕಟ್ಟು, ಅವರನ್ನು ಹೊಡೆಯಲು ಬರುವ ಪುಂಡ ಹುಡುಗರು, ಎಲ್ಲವನ್ನೂ ನಾವು ನಮ್ಮ ಕೇರಿಯನ್ನು ಅರಿತಂತೆ ಅರಿಯುತ್ತೇವೆ. ಸುಮಾರು ಇಪ್ಪತ್ತೇಳು ವರ್ಷಗಳಿಗೊಮ್ಮೆ ಆ ಊರಿನಲ್ಲಿ ಎಚ್ಚರಗೊಳ್ಳುವ ದುಷ್ಟಶಕ್ತಿಯನ್ನು ಅವರು ಮಕ್ಕಳಾಗಿದ್ದಾಗ 1958ರಲ್ಲಿ ಒಮ್ಮೆ, ನಡುವಯಸ್ಸಿನಲ್ಲಿ 1985ರಲ್ಲಿ ಇನ್ನೊಮ್ಮೆ ಎದುರಿಸಬೇಕಾಗುತ್ತದೆ. ಎರಡು ಕಾಲಗಳ ಕಥೆಯೂ ಜಡೆಯ ಎಳೆಗಳಂತೆ ಹೆಣೆದುಕೊಂಡು ಸಾಗುತ್ತದೆ.

ಇದರ ಫಲವೇನೆಂದರೆ, ನಾವು ಭೂತಕ್ಕೆ ಹೆದರುವುದಿಲ್ಲ. ಆ ಮಕ್ಕಳಿಗೆ ಏನಾಗುವುದೋ ಎಂದು ಹೆದರುತ್ತೇವೆ. ಗುರುತಿಲ್ಲದವನು ಬಾವಿಗೆ ಬಿದ್ದನೆಂಬ ಸುದ್ದಿಗೂ ನಮ್ಮ ಮನೆಯ ಮಗು ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತಿದೆಯೆಂಬುದಕ್ಕೂ ಇರುವ ಅಂತರವೇ ಇಲ್ಲಿರುವುದು. ಮಮತೆ ಹುಟ್ಟದೆ ಇಂಥ ಭಯ ಹುಟ್ಟದು. ಮಮತೆ ಹುಟ್ಟಲು ಕಾಲ ಬೇಕು. ಈ ಕಾದಂಬರಿಯಲ್ಲಿ ಪುಟಗಳು ಆ ಕಾಲವನ್ನು ಒದಗಿಸುತ್ತವೆ.

ಓದುಗರು ಈ ದೀರ್ಘತೆಯನ್ನು ಸಹಿಸಿದರೆಂದಷ್ಟೇ ಅಲ್ಲ, ಕೇಳಿ ಪಡೆದರು. 'ದಿ ಸ್ಟ್ಯಾಂಡ್' ಕಾದಂಬರಿಯ ಚರಿತ್ರೆ ಇದಕ್ಕೆ ಸಾಕ್ಷಿ. ಮಹಾಮಾರಿಯೊಂದು ಲೋಕದ ಜನರಲ್ಲಿ ಬಹುಪಾಲನ್ನು ಅಳಿಸಿದ ಮೇಲೆ ಉಳಿದವರ ಕಥೆ ಅದು. 1978ರಲ್ಲಿ ಪ್ರಕಾಶಕರು, ಇಷ್ಟು ದಪ್ಪದ ಪುಸ್ತಕವನ್ನು ಅಚ್ಚು ಹಾಕಿದರೆ ಬೆಲೆ ಗಿಟ್ಟದೆಂದು, ಹಸ್ತಪ್ರತಿಯಲ್ಲಿ ಸುಮಾರು 400 ಪುಟಗಳನ್ನು ತೆಗೆಯಿಸಿದರು. ಸಾಹಿತ್ಯದ ದೃಷ್ಟಿಯಿಂದಲ್ಲ, ಲೆಕ್ಕಪತ್ರದ ದೃಷ್ಟಿಯಿಂದ! ಹೀಗೊಂದು ಭಾಗ ಉಳಿದಿದೆಯೆಂದು ತಿಳಿದ ಓದುಗರು ಅದನ್ನು ಕೇಳತೊಡಗಿದರು. ಹನ್ನೆರಡು ವರ್ಷಗಳ ಮೇಲೆ, 1990ರಲ್ಲಿ, ಪೂರ್ಣ ಪಾಠವು 1152 ಪುಟಗಳಲ್ಲಿ ಹೊರಬಂದಿತು. ಕಥೆಯ ಕೊನೆಯನ್ನು ಬಲ್ಲವರೇ ಮತ್ತೆ ಕೊಂಡು ಓದಿದರು. ಕೊನೆಯ ಕುತೂಹಲವೊಂದೇ ಓದಿಗೆ ಕಾರಣವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪರಿಚಿತರಾದವರ ಮನೆಗೆ ಮತ್ತೊಮ್ಮೆ ಹೋಗಿ ನಾಲ್ಕು ದಿನ ಹೆಚ್ಚು ಇದ್ದು ಬರುವ ಆಸೆ ಅದು.

ಇನ್ನು ಕಾಯುವಿಕೆಯ ವಿಷಯ. ಇದಕ್ಕೆ 'ದಿ ಡಾರ್ಕ್ ಟವರ್', ಅಂದರೆ ಕತ್ತಲ ಗೋಪುರ, ಎಂಬ ಕಾದಂಬರಿಮಾಲೆಗಿಂತ ಒಳ್ಳೆಯ ನಿದರ್ಶನವಿಲ್ಲ. ಬ್ರೌನಿಂಗ್ ಕವಿಯ 1855ರ ಕವನವೊಂದರಿಂದ ಪ್ರೇರಣೆ ಪಡೆದು ಕಿಂಗ್ ಇದನ್ನು 1970ರಲ್ಲಿ ಬರೆಯತೊಡಗಿದರು. ರೋಲೆಂಡ್ ಎಂಬ ಏಕಾಂಗಿ ಬಂದೂಕುವೀರನು ಲೋಕಗಳ ನಡುವಿನ ಗೋಪುರವೊಂದನ್ನು ಅರಸಿ ಹೊರಟ ಕಥೆ. ಮೊದಲನೆಯ ಭಾಗ 1982ರಲ್ಲಿ ಸಣ್ಣ ಪ್ರಕಾಶನವೊಂದರಿಂದ ಕೇವಲ 10,000 ಪ್ರತಿಗಳಲ್ಲಿ ಬಂದಿತು. ಸಾಮಾನ್ಯ ಓದುಗರಿಗೆ ಅದು ಇರುವುದೇ ತಿಳಿಯದು. ಮಾರನೆಯ ವರ್ಷ ಇನ್ನೊಂದು ಕಾದಂಬರಿಯಲ್ಲಿ ಲೇಖಕರ ಇತರ ಕೃತಿಗಳ ಪಟ್ಟಿಯನ್ನು ಅಚ್ಚು ಮಾಡಿದಾಗ ಈ ಹೆಸರೂ ಅದರಲ್ಲಿ ಸೇರಿತು. ತಮ್ಮ ಮೆಚ್ಚಿನ ಲೇಖಕರ ಪುಸ್ತಕವೊಂದನ್ನು ತಾವು ಕಂಡೇ ಇಲ್ಲವಲ್ಲ ಎಂದು ಓದುಗರು ರಾಶಿರಾಶಿಯಾಗಿ ಕಾಗದ ಬರೆದರು. ಎಲ್ಲರಿಗೂ ದೊರೆಯುವ ಅಗ್ಗದ ಆವೃತ್ತಿ ಬಂದದ್ದು 1988ರಲ್ಲಿ.

ಮೂರನೆಯ ಭಾಗವು 1991ರಲ್ಲಿ ಬಂದು, ಓದುಗರನ್ನು ವಿಚಿತ್ರವಾದ ಸಂಕಟದಲ್ಲಿ ಬಿಟ್ಟಿತು. ಮಾತನಾಡುವ ಹುಚ್ಚು ರೈಲೊಂದರಲ್ಲಿ ರೋಲೆಂಡನೂ ಅವನ ಸಂಗಡಿಗರೂ ಸಿಕ್ಕಿಬಿದ್ದಿದ್ದಾರೆ. ಆ ರೈಲಿಗೆ ಒಗಟುಗಳೆಂದರೆ ಪ್ರಾಣ. ತಾನು ಬಿಡಿಸಲಾರದ ಒಗಟನ್ನು ಇವರು ಹೇಳಿದರೆ ಜೀವ ಉಳಿಯಿತು. ಇಲ್ಲದಿದ್ದರೆ ಎಲ್ಲರನ್ನೂ ಹೊತ್ತುಕೊಂಡು ನಾಶವಾಗುವುದಾಗಿ ಅದು ಪಣ ತೊಟ್ಟಿದೆ. ಒಗಟಿನ ಸ್ಪರ್ಧೆ ಆರಂಭವಾಗಬೇಕು, ಅಷ್ಟರಲ್ಲಿ ಪುಸ್ತಕ ಮುಗಿಯಿತು! ಮುಂದಿನ ಭಾಗ ಬಂದದ್ದು 1997ರಲ್ಲಿ. ಆರು ವರ್ಷ ಆ ರೈಲು ಓದುಗರ ತಲೆಯೊಳಗೆ ಓಡುತ್ತಲೇ ಇದ್ದಿತು. ಬಿ.ಎ. ಸೇರಿದ ವಿದ್ಯಾರ್ಥಿ ಎಂ.ಎ. ಮುಗಿಸಿ ಒಂದು ವರ್ಷ ಉದ್ಯೋಗ ಮಾಡುವಷ್ಟು ಕಾಲ!

ಆ ವರ್ಷಗಳಲ್ಲಿ ಬಂದ ಪತ್ರಗಳನ್ನು ಕುರಿತು ಕಿಂಗ್ ಅವರು 2003ರ ಪರಿಷ್ಕೃತ ಆವೃತ್ತಿಯ ಮುನ್ನುಡಿಯಲ್ಲಿ ಬರೆದಿದ್ದಾರೆ. ಕ್ಯಾನ್ಸರ್ ತಗುಲಿ ತನಗೆ ಹೆಚ್ಚು ಕಾಲ ಉಳಿದಿಲ್ಲವೆಂದರಿತ ವೃದ್ಧೆಯೊಬ್ಬಳು, ಪುಸ್ತಕ ಮುಗಿಯುವವರೆಗೆ ತಾನಿರುವುದಿಲ್ಲ, ಕಥೆಯ ಕೊನೆಯನ್ನು ತನಗೊಬ್ಬಳಿಗೆ ತಿಳಿಸಬೇಕೆಂದು ಕೇಳಿದಳು. ಮರಣದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿದ್ದ ಕೈದಿಯೊಬ್ಬನೂ ಅದನ್ನೇ ಕೇಳಿ, ರಹಸ್ಯವನ್ನು ತನ್ನೊಡನೆ ಗೋರಿಗೆ ಒಯ್ಯುವುದಾಗಿ ಮಾತುಕೊಟ್ಟನು. ಇಬ್ಬರಿಗೂ ಹೇಳುವ ಮನಸ್ಸಿದ್ದರೂ ಲೇಖಕರು ಹೇಳಲಾರದೆ ಹೋದರು. ಏಕೆಂದರೆ ಅವರಿಗೇ ಕೊನೆ ತಿಳಿದಿರಲಿಲ್ಲ. ಬರೆದಾಗಲೇ ಅವರಿಗೂ ತಿಳಿಯಬೇಕಾಗಿತ್ತು.

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಸಾವಿನ ಹೊಸ್ತಿಲಲ್ಲಿ ನಿಂತವರು ಕೇಳಬಹುದಾದದ್ದು ಎಷ್ಟೋ ಇರುತ್ತದೆ. ಕಲ್ಪಿತ ಲೋಕದ ಕಲ್ಪಿತ ವೀರನು ತನ್ನ ಗೋಪುರವನ್ನು ಮುಟ್ಟಿದನೇ ಎಂಬುದನ್ನು ಈ ಇಬ್ಬರು ಕೇಳಿದರು. ಜನಪ್ರಿಯ ಸಾಹಿತ್ಯವೆಂದರೆ ಹೊತ್ತು ಕಳೆಯುವ ಸಾಧನವೆಂದು ಹೇಳುವವರು ಈ ಎರಡು ಪತ್ರಗಳ ಮುಂದೆ ಒಂದು ನಿಮಿಷ ನಿಲ್ಲಬೇಕೆಂದು ನನ್ನ ವಿನಂತಿ.

ಕಾಯುವವರ ಆಸೆ ಕೈಗೂಡದೆ ಹೋಗುವುದೂ ಉಂಟು. ಚಾರ್ಲ್ಸ್ ಡಿಕನ್ಸನು 1870ರ ಜೂನ್ 9ರಂದು ತೀರಿಕೊಂಡಾಗ, ಹನ್ನೆರಡು ಕಂತುಗಳೆಂದು ಯೋಜಿಸಿದ್ದ 'ಎಡ್ವಿನ್ ಡ್ರೂಡ್' ಕಾದಂಬರಿಯ ಆರು ಕಂತುಗಳಷ್ಟೇ ಸಿದ್ಧವಾಗಿದ್ದವು. ಅದರ ರಹಸ್ಯ ರಹಸ್ಯವಾಗಿಯೇ ಉಳಿಯಿತು. ನಮ್ಮ ತ್ರಿವೇಣಿಯವರು 1963ರಲ್ಲಿ ಅಕಾಲ ಮರಣಕ್ಕೀಡಾದಾಗ ಅಪೂರ್ಣವಾಗಿ ಉಳಿದ 'ಅವಳ ಮಗಳು' ಕಾದಂಬರಿಯನ್ನು ಬೇರೊಬ್ಬ ಲೇಖಕಿಯವರು ಪೂರ್ಣಗೊಳಿಸಬೇಕಾಯಿತು. 1999ರ ಜೂನ್ 19ರಂದು ಮೇನ್ ಸಂಸ್ಥಾನದ ರಸ್ತೆಯೊಂದರ ಬದಿಯಲ್ಲಿ ನಡೆದುಹೋಗುತ್ತಿದ್ದ ಕಿಂಗ್ ಅವರಿಗೆ ವ್ಯಾನೊಂದು ಹಿಂದುಮುಂದು ನೋಡದೆ ಬಂದು ಬಡಿಯಿತು. ಕಾಲಿನ ಮೂಳೆಗಳು ಪುಡಿಯಾದವು, ಸೊಂಟದ ಕೀಲು ಮುರಿಯಿತು, ಒಂದು ಶ್ವಾಸಕೋಶ ಕುಸಿಯಿತು. ಗೋಪುರದ ಕಥೆ ಆಗ ನಡುದಾರಿಯಲ್ಲಿತ್ತು. ಅವರು ಚೇತರಿಸಿಕೊಂಡು, ಉಳಿದ ಮೂರು ಭಾಗಗಳನ್ನು 2003 ಮತ್ತು 2004ರಲ್ಲಿ ಹೊರತಂದರು. ಮೊದಲ ವಾಕ್ಯ ಬರೆದ ಮೂವತ್ತನಾಲ್ಕು ವರ್ಷಗಳ ಮೇಲೆ ರೋಲೆಂಡನು ಗೋಪುರದ ಬಾಗಿಲಿಗೆ ಬಂದನು.

ಲೇಖಕರೂ ಕಾಯುತ್ತಾರೆಂಬುದನ್ನು ಮರೆಯಬಾರದು. ಅದೃಶ್ಯವಾದ ಗೋಳಾಕಾರದ ಗೋಡೆಯೊಂದು ಊರಿನ ಮೇಲೆ ಕವಿದುಬೀಳುವ 'ಅಂಡರ್ ದಿ ಡೋಮ್' ಕಥೆಯನ್ನು ಕಿಂಗ್ 1976ರಲ್ಲಿಯೇ ಆರಂಭಿಸಿ, ತಮ್ಮ ಶಕ್ತಿಗೆ ಮೀರಿದ್ದೆಂದು ಕೈಬಿಟ್ಟಿದ್ದರು. ಅದು ಅಚ್ಚಾದದ್ದು 2009ರ ನವೆಂಬರಿನಲ್ಲಿ. ಒಂದು ಊರು ಹೊರಗಿನ ಗಾಳಿ ನೀರುಗಳಿಂದ ಬೇರ್ಪಟ್ಟರೆ ಏನಾಗುವುದೆಂಬುದನ್ನೂ, ಅಲ್ಲಿನ ನೂರಕ್ಕೂ ಮಿಕ್ಕ ಪಾತ್ರಗಳನ್ನೂ ನಿಭಾಯಿಸುವ ಧೈರ್ಯ ಬರಲು ಮೂವತ್ತಮೂರು ವರ್ಷ ಹಿಡಿಯಿತು.

ಈ ಕಾಯುವಿಕೆಯಲ್ಲಿ ವ್ಯಾಪಾರದ ಅಂಶವೇ ಇಲ್ಲವೆಂದು ನಾನು ಹೇಳುವುದಿಲ್ಲ. 1996ರಲ್ಲಿ 'ದಿ ಗ್ರೀನ್ ಮೈಲ್' ಕಾದಂಬರಿಯನ್ನು, ಡಿಕನ್ಸನ ಕಾಲದ ಪದ್ಧತಿಯಂತೆ, ತಿಂಗಳಿಗೊಂದರಂತೆ ಆರು ತೆಳ್ಳನೆಯ ಪುಸ್ತಕಗಳಾಗಿ ಮಾರಲಾಯಿತು. ಆರೂ ಒಂದೇ ಕಾಲಕ್ಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅತ್ಯಧಿಕ ಮಾರಾಟದ ಪಟ್ಟಿಯಲ್ಲಿ ಕಾಣಿಸಿಕೊಂಡವು. ಅದೇ ವರ್ಷ ಅವರ ಬೇರೆ ಎರಡು ಕಾದಂಬರಿಗಳನ್ನು ಒಟ್ಟಿಗೆ ಕೊಂಡವರಿಗೆ, ಗೋಪುರಮಾಲೆಯ ಮುಂದಿನ ಭಾಗದ ಮೊದಲೆರಡು ಅಧ್ಯಾಯಗಳಿರುವ ಕಿರುಹೊತ್ತಗೆಯನ್ನು ಉಚಿತವಾಗಿ ಕೊಟ್ಟರು. ಹಸಿದವನ ಮೂಗಿಗೆ ಒಗ್ಗರಣೆಯ ವಾಸನೆ ಹಿಡಿಸುವ ಜಾಣತನವಿದು! ನಮ್ಮ ವಾರಪತ್ರಿಕೆಗಳೂ ಧಾರಾವಾಹಿಗಳ ಮೂಲಕ ಇದೇ ತಂತ್ರವನ್ನು ಬಲ್ಲವು. ತೆಲುಗಿನಿಂದ ಕನ್ನಡಕ್ಕೆ ಬಂದು 1985ರಲ್ಲಿ ಚಲನಚಿತ್ರವೂ ಆದ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವನ್ನು ನೆನೆಯುವ ಹಿರಿಯರು ನಮ್ಮ ಮನೆಗಳಲ್ಲಿ ಇದ್ದೇ ಇದ್ದಾರೆ.

ಓದುಗನ ಆಸೆಗೂ ಒಂದು ಕರಾಳ ಮುಖವುಂಟು. ಅದನ್ನು ಕಿಂಗ್ ಅವರೇ 1987ರ 'ಮಿಸರಿ'ಯಲ್ಲಿ ಚಿತ್ರಿಸಿದ್ದಾರೆ. ಅಪಘಾತದಲ್ಲಿ ಕಾಲು ಮುರಿದುಕೊಂಡ ಕಾದಂಬರಿಕಾರನನ್ನು ಅವನ ಅಭಿಮಾನಿಯಾದ ಹೆಂಗಸೊಬ್ಬಳು ತನ್ನ ಮನೆಯಲ್ಲಿ ಕೂಡಿಹಾಕಿ, ಅವನು ಕೊಂದುಹಾಕಿದ ನಾಯಿಕೆಯನ್ನು ಬದುಕಿಸಿ ಬರೆಯುವಂತೆ ಹಿಂಸಿಸುತ್ತಾಳೆ. "ನಾನು ಕಾದಿದ್ದೇನೆ, ಆದ್ದರಿಂದ ನನಗೆ ಬೇಕಾದುದನ್ನು ಕೊಡು" ಎನ್ನುವ ಹಟವನ್ನು ಅದು ಕೊನೆಯವರೆಗೆ ಎಳೆದು ತೋರಿಸುತ್ತದೆ. ಗೋಪುರಮಾಲೆಯ ಕಡೆಯ ಸಂಪುಟದಲ್ಲಿಯೂ, ಕೊನೆಯ ಪ್ರಕರಣಕ್ಕೆ ಮೊದಲು, ಲೇಖಕರು ಓದುಗರನ್ನು ತಡೆದು ನಿಲ್ಲಿಸಿ, ಇಲ್ಲಿಗೇ ಪುಸ್ತಕವನ್ನು ಮುಚ್ಚುವುದು ಲೇಸೆಂದು ಬುದ್ಧಿ ಹೇಳುತ್ತಾರೆ. ಕೊನೆಗಿಂತ ಪ್ರಯಾಣವೇ ಮುಖ್ಯವೆಂಬುದು ಅವರ ಭಾವ. ಅಷ್ಟು ವರ್ಷ ಕಾದವರಲ್ಲಿ ಆ ಮಾತು ಕೇಳಿದವರು ಎಷ್ಟು ಮಂದಿಯೋ!

ಇನ್ನು ನಮ್ಮ ಕೊಠಡಿಯ ಕಥೆಗೆ ಬರುತ್ತೇನೆ. ಕಾಯುವ ತಿಂಗಳುಗಳಲ್ಲಿ ನಾವು ನಾಲ್ವರೂ ಒಂದೊಂದು ಕೊನೆಯನ್ನು ಕಲ್ಪಿಸಿ ವಾದಿಸುತ್ತಿದ್ದೆವು. ಒಬ್ಬನ ಕೊನೆಯಲ್ಲಿ ಎಲ್ಲರೂ ಸತ್ತರು. ಇನ್ನೊಬ್ಬನದರಲ್ಲಿ ಎಲ್ಲರೂ ಮದುವೆಯಾದರು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಪುಟ ಓದುತ್ತಿದ್ದ ನಾಲ್ಕನೆಯವನು ಇನ್ನೂ ಎರಡನೆಯ ತುಂಡಿನಲ್ಲಿಯೇ ಇದ್ದ. ಅವನೆದುರಿಗೆ ಮುಂದಿನದನ್ನು ಬಾಯಿಬಿಡದಿರಲು ನಾವು ಪಟ್ಟ ಪಾಡು ನಮಗೇ ಗೊತ್ತು. ಅಷ್ಟರಲ್ಲಿ ಅವನ ತಂದೆಯವರು ಹಾಸಿಗೆ ಹಿಡಿದರು. ಊರಿನ ಅಂಗಡಿಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ವರ್ಷದ ನಡುವೆಯೇ ಓದು ಬಿಟ್ಟು ಅವನು ಹೊರಟುಹೋದ. ಪೆಟ್ಟಿಗೆ ಕಟ್ಟುವಾಗ ಎರಡನೆಯ ತುಂಡನ್ನು ನನ್ನ ಮಂಚದ ಮೇಲಿಟ್ಟ. ನಾನು ಅದನ್ನು ಅವನ ಪೆಟ್ಟಿಗೆಗೇ ಹಾಕಿದೆ.

ನಾಲ್ಕು ತಿಂಗಳ ಮೇಲೆ ಬೇರೊಂದು ಊರಿನ ಗ್ರಂಥಾಲಯದಲ್ಲಿ ನನಗೆ ಪೂರ್ಣ ಪ್ರತಿ ಸಿಕ್ಕಿತು. ಅಲ್ಲಿಯೇ ನಿಂತು ಕಡೆಯ ಪುಟಗಳನ್ನು ಓದಿದೆ. ನಮ್ಮ ನಾಲ್ಕು ಕೊನೆಗಳಲ್ಲಿ ಒಂದೂ ಸರಿಯಾಗಿರಲಿಲ್ಲ, ಆದರೂ ನಿರಾಶೆಯಾಗಲಿಲ್ಲ. ರಾತ್ರಿ ಮಿತ್ರನಿಗೆ ಫೋನು ಮಾಡಿ, "ಕೊನೆ ಸಿಕ್ಕಿತು ಕಣೋ, ಹೇಳಲೇ?" ಎಂದೆ. ಅವನಿಗೆ ಇನ್ನು ಓದಲು ಪುರಸೊತ್ತಿರಲಾರದೆಂಬುದು ನನ್ನ ಎಣಿಕೆ. ಅಂಗಡಿಯ ತಕ್ಕಡಿಯ ಸದ್ದಿನ ನಡುವೆ ಅವನು, "ಹೇಳಬೇಡ. ನಾನು ಅಲ್ಲಿಗೆ ಬರುತ್ತೇನೆ" ಎಂದ.

ಆ ಪುಟಗಳ ನಕಲು ಮಾಡಿಸಿ, ಮೂರನೆಯ ತುಂಡಿನ ಹಿಂದಕ್ಕೆ ಹೊಲಿಸಿ, ಅಂಚೆಯಲ್ಲಿ ಅವನಿಗೆ ಕಳುಹಿಸಿದೆವು. ಕಳೆದ ತಿಂಗಳು ವಿಚಾರಿಸಿದಾಗ, ಅಂಗಡಿ ಮುಚ್ಚಿದ ಮೇಲೆ ರಾತ್ರಿ ಐದಾರು ಪುಟ ಓದುತ್ತಾನೆಂದೂ, ಏಳು ಜನ ಮಕ್ಕಳಲ್ಲಿ ಉಳಿದ ಆರು ಮಂದಿ ಈಗ ದೊಡ್ಡವರಾಗಿ ಊರಿನ ಗ್ರಂಥಾಲಯದಲ್ಲಿ ಸೇರಿರುವರೆಂದೂ ತಿಳಿಯಿತು. ಅವನು ಮುಟ್ಟಬೇಕಾದ ಪುಟಗಳು ಇನ್ನೂ ಬಹಳ ಇವೆ. ಅವನು ಬಂದು ಸೇರಿದ ದಿನ ನಾಲ್ವರೂ ಕುಳಿತು ಆ ಕೊನೆಯ ವಿಷಯವನ್ನು ಮಾತನಾಡಬೇಕೆಂದು ಗೊತ್ತುಮಾಡಿದ್ದೇವೆ. ಅಲ್ಲಿಯವರೆಗೆ ನಾವು ಮೂವರು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೇವೆ.